ಹುಳು ಸೊಪ್ಪು ತಿನ್ನುವ ಸದ್ದು

ರೇಷ್ಮೆ ಹುಳುವಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಈ ಶಿಡ್ಲಘಟ್ಟದ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಮೂವತ್ತೊಂದು ವರ್ಷದಿಂದ ಹುಳು ಸಾಕುತ್ತಿದ್ದೇನೆ. ಮಿಕ್ಕವರು ಹುಳುವನ್ನು ಕಣ್ಣಲ್ಲಿ ನೋಡುತ್ತಾರೆ, ನಾನು ಕಿವಿಯಲ್ಲಿ ಕೇಳುತ್ತೇನೆ. ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಹಸಿದು ಎದ್ದಾಗ ಅದರ ಮೇಲೆ ಹಿಪ್ಪುನೇರಳೆ ಸೊಪ್ಪು ಹರಡಿ ಐದು ನಿಮಿಷ ಸುಮ್ಮನೆ ನಿಂತರೆ ಸಾಕು, ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದಂತೆ ಸದ್ದು ಶುರುವಾಗುತ್ತದೆ. ಆ ಮಳೆ ಒಂದೇ ಸಮ ಇದ್ದರೆ ಹುಳು ಚೆನ್ನಾಗಿದೆ. ಯಾವುದಾದರೂ ಮೂಲೆಯಲ್ಲಿ ಮಳೆ ತೆಳುವಾದರೆ ಅಲ್ಲಿ ರೋಗ ಕಾಲಿಟ್ಟಿದೆ. ಕಣ್ಣಿಗೆ ಕಾಣಬೇಕಾದರೆ ಇನ್ನೂ ಒಂದು ದಿನ ಬೇಕು, ಕಿವಿಗೆ ಅವತ್ತೇ ಗೊತ್ತಾಗುತ್ತದೆ. ಹೀಗೆ ಕೇಳಿಯೇ ಎಷ್ಟೋ ಜನರ ಬೆಳೆ ಉಳಿಸಿದ್ದೇನೆ. ಮಂಡಿಕಲ್ ಕಡೆಯವರು ಕೂಡ ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅವರ ಹುಳು ಮನೆಯಲ್ಲಿ ನಾನು ಕಣ್ಣು ಮುಚ್ಚಿ ನಿಂತರೆ ಗಂಡಸರೆಲ್ಲ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

ಬೆಳೆ ಕಳೆದುಕೊಂಡವರು ಬಂದು ಮೊಟ್ಟೆ ಸರಿಯಿಲ್ಲ, ಸೊಪ್ಪು ಸರಿಯಿಲ್ಲ, ಹವಾ ಸರಿಯಿಲ್ಲ ಎಂದು ಗೋಳಾಡಿದರೆ ನಾನು ಅವರಿಗೆ ಹೇಳುತ್ತಿದ್ದದ್ದು ಒಂದೇ ಗಾದೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವರು ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು.

ಅಂಥ ನನ್ನ ಬೆಳೆಯೇ ಎರಡು ಬೆಳೆಯ ಹಿಂದೆ ಸಪ್ಪೆ ರೋಗಕ್ಕೆ ಹೋಯಿತು. ಇದು ಬಂದರೆ ಹುಳು ಮೊದಲು ಮೇವು ಬಿಡುತ್ತದೆ, ಆಮೇಲೆ ಮೆತ್ತಗಾಗಿ ಸಾಯುತ್ತದೆ. ಮೇವು ಬಿಟ್ಟದ್ದು ನನಗೆ ತಿಳಿಯಬೇಕಾಗಿತ್ತು, ತಿಳಿಯಲಿಲ್ಲ. ಬೆಳಿಗ್ಗೆ ನೋಡಿದರೆ ಅರ್ಧ ತಟ್ಟೆಗಳಲ್ಲಿ ಸೊಪ್ಪು ಹಾಕಿದ ಹಾಗೇ ಬಾಡಿ ಬಿದ್ದಿತ್ತು. ಕಾರಣ ಹುಡುಕಲು ನಾನು ಹೆಚ್ಚು ದೂರ ಹೋಗಲಿಲ್ಲ. ಕಾರಣ ಗೋಡೆಯ ಆಚೆಗೇ ಇತ್ತು, ಹಗಲೆಲ್ಲ ಗುಂಯ್‌ಗುಡುತ್ತಿತ್ತು.

ಗೋಡೆಯ ಆಚೆ ಇರುವುದು ಕಲ್ಯಾಣಿಯ ಶೆಡ್ಡು. ಕಲ್ಯಾಣಿ ಪೆದ್ದಮ್ಮನ ಮಗಳು. ಪೆದ್ದಮ್ಮ ನಮ್ಮ ತೋಟದಲ್ಲಿ ಇಪ್ಪತ್ತು ವರ್ಷ ಸೊಪ್ಪು ಕೊಯ್ದವಳು. ಮಗಳು ಪಿಯುಸಿ ಓದಿ, ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಹುರಿ ಮಾಡುವ ಕಾರ್ಖಾನೆಯೊಂದರಲ್ಲಿ ಹದಿನೈದು ವರ್ಷ ದುಡಿದಳು. ಹೋದ ವರ್ಷ ಸಂಘದ ಸಾಲ ತೆಗೆದು ತನ್ನದೇ ನಾಲ್ಕು ಹುರಿ ಮಿಷಿನ್ ಹಾಕಿಕೊಂಡಳು, ಇಬ್ಬರು ಹೆಂಗಸರಿಗೆ ಕೆಲಸವನ್ನೂ ಕೊಟ್ಟಳು. ಅವಳ ಹಿತ್ತಿಲೂ ನಮ್ಮ ಹುಳು ಮನೆಯೂ ಬೆನ್ನಿಗೆ ಬೆನ್ನು. ಆ ಗದ್ದಲದಲ್ಲಿ ಹುಳುವಿನ ಸದ್ದು ಯಾರ ಕಿವಿಗೆ ಬಿದ್ದೀತು ಎಂದು ನಾನು ಊರಿಗೆಲ್ಲ ಹೇಳಿದೆ. ಮಿಷಿನ್ ಎತ್ತಿಸಬೇಕು ಎಂದು ಗ್ರಾಮ ಪಂಚಾಯಿತಿಗೆ ಅರ್ಜಿ ಬರೆಸಿದೆ.

ಸಹಿ ಕೇಳಲು ಎರಡು ಬೀದಿ ಸುತ್ತಿದ್ದೇ ತಡ, ಮೂವತ್ತೆಂಟು ಸಹಿ ಬಿದ್ದವು. ನನ್ನ ಮಾತಿಗೆ ಇಷ್ಟು ಬೆಲೆ ಇದೆಯಲ್ಲ ಎಂದು ಹೆಮ್ಮೆಯಾಯಿತು. ಮೈದುನ ನರಸಿಂಹಪ್ಪನಂತೂ ನಾನು ಪೂರಾ ಹೇಳುವ ಮೊದಲೇ ಪೆನ್ನು ಕಿತ್ತುಕೊಂಡು ಸಹಿ ಹಾಕಿದ. ಅವನ ಮನೆ ಊರಿನ ಆ ಕೊನೆಗಿದೆ, ಮಿಷಿನ್ ಸದ್ದು ಅಲ್ಲಿಗೆ ಹೋಗುವುದೇ ಇಲ್ಲ. ಆಗ ಅದು ನನಗೆ ಹೊಳೆಯಲಿಲ್ಲ.

ಸಭೆ ಗುರುವಾರಕ್ಕೆ ನಿಗದಿಯಾಯಿತು. ಸೋಮವಾರ ಬೆಳಿಗ್ಗೆ ಕಲ್ಯಾಣಿ ನಮ್ಮ ಹುಳು ಮನೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಹುಳು ಮನೆಗೆ ಹೊರಗಿನವರು ಬರಬಾರದು ಎನ್ನುವುದು ಅವಳಿಗೂ ಗೊತ್ತು. ಕಾಲು ತೊಳೆಯಲು ಇಟ್ಟಿದ್ದ ಬ್ಲೀಚಿಂಗ್ ನೀರಿನ ತೊಟ್ಟಿಯ ಆಚೆ ನಿಂತು, ಅಳುಕದೆ ಮಾತಾಡಿದಳು.

"ಅಮ್ಮಾ, ನಿಮಗೆ ಮಿಷಿನ್ ಸದ್ದು ನಿಲ್ಬೇಕು, ಹುಳದ ಸದ್ದು ಕೇಳಿಸ್ಬೇಕು, ಅಷ್ಟೇ ತಾನೆ? ಸದ್ದು ತಡಿಯೋ ಹೆಡ್‌ಫೋನ್ ಬಂದವೆ ಈಗ. ನಾನೂ ಹಾಕ್ಕೊಂಡೇ ಮಿಷಿನ್ ಹತ್ರ ನಿಲ್ಲೋದು. ನನ್ ಜೊತೆ ಬನ್ನಿ, ನಿಮಗೆ ಒಪ್ಪಿದ್ದನ್ನ ನೀವೇ ಆರಿಸ್ಕೊಳ್ಳಿ, ನಾನು ಕೊಡಿಸ್ತೀನಿ. ಒಂದೂ ಒಪ್ಪಲಿಲ್ಲ ಅಂದ್ರೆ ಸಭೆ ತಂಕ ಬೇಡ, ನಾನೇ ಮಿಷಿನ್ ಬಿಚ್ಚಿಸ್ತೀನಿ. ಒಪ್ತು ಅಂದ್ರೆ ಅರ್ಜಿ ವಾಪಸ್ ತಗೋಬೇಕು."

ಅವಳ ಧೈರ್ಯ ನೋಡಿ ನನಗೆ ರೇಗಿತು, ಒಳಗೊಳಗೇ ಮೆಚ್ಚಿಗೆಯೂ ಆಯಿತು. ಪಂದ್ಯ ಒಪ್ಪಿಕೊಂಡೆ. ಗೆಲ್ಲುವವಳು ನಾನೇ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಒಂದು ಸದ್ದನ್ನು ಕೊಂದು ಅದರ ಪಕ್ಕದ ಸದ್ದನ್ನು ಉಳಿಸುವ ಯಂತ್ರ ಎಲ್ಲಾದರೂ ಉಂಟೇ? ಹೋಗುವುದಾದರೆ ಇವತ್ತೇ ಚಿಂತಾಮಣಿಗೆ ಹೋಗೋಣ ಎಂದೆ. ಶಿಡ್ಲಘಟ್ಟದಲ್ಲಾದರೆ ಗೂಡಿನ ಮಾರ್ಕೆಟ್ಟಿನವರೆಲ್ಲ ನನ್ನ ಗುರುತಿನವರು, ರಾಮಲಕ್ಷ್ಮಮ್ಮ ಕಿವಿಗೆ ಏನೋ ಸಿಕ್ಕಿಸಿಕೊಳ್ಳಲು ಬಂದಿದ್ದಾಳೆ ಎಂದು ಸಂಜೆಯೊಳಗೆ ಡಂಗುರ ಹೊಡೆಯುತ್ತಾರೆ.

ಅಂಗಡಿಯವರ ಬಾಯಿಮಾತು ನಂಬಿ ಸಾಮಾನು ತರುವವಳು ನಾನಲ್ಲ. ಒರೆಗೆ ಹಚ್ಚದೆ ಚಿನ್ನ ಕೊಳ್ಳುತ್ತಾರೆಯೇ? ನಮ್ಮ ಹುಳು ಆಗ ಕೊನೆಯ ಹಂತದ ಐದನೇ ದಿನದಲ್ಲಿತ್ತು, ಹೊಟ್ಟೆ ಬಿರಿಯುವಂತೆ ತಿನ್ನುವ ಸಮಯ. ನಲವತ್ತು ಹುಳು ಎಣಿಸಿ ಸಣ್ಣ ಬಿದಿರು ಬುಟ್ಟಿಗೆ ಹಾಕಿಕೊಂಡೆ, ಮೇಲೆ ಒದ್ದೆ ಬಟ್ಟೆ ಮುಚ್ಚಿದೆ, ಎಳೆಯ ಸೊಪ್ಪನ್ನು ಬೇರೆ ಚೀಲದಲ್ಲಿ ಇಟ್ಟುಕೊಂಡೆ. ಹುಳುವನ್ನು ಮನೆಯಿಂದ ಹೊರಗೆ ಒಯ್ಯುವುದು ನಮ್ಮಲ್ಲಿ ಇಲ್ಲ, ದೃಷ್ಟಿ ಆಗುತ್ತದೆ. ಒಮ್ಮೆ ಹೊರಗೆ ಹೋದದ್ದನ್ನು ಮತ್ತೆ ಒಳಗೆ ತರುವಂತೆಯೂ ಇಲ್ಲ, ಹೊರಗಿನ ರೋಗ ಹತ್ತಿಸಿಕೊಂಡು ಬರುತ್ತದೆ. ನಲವತ್ತು ಹುಳು ಹೋದರೆ ಹೋಗಲಿ ಎಂದುಕೊಂಡೆ. ಸೊಸೆ ಹರಿತಾ ಬಾಗಿಲಲ್ಲಿ ನಿಂತು ಏನೋ ಗೊಣಗಿದಳು. ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲು ಏನು ಕಷ್ಟವೋ ಕಾಣೆ. ಟಿವಿಯವರೂ ಹಾಗೇ, ಮೊದಲು ವಾರ್ತೆ ಓದುವವರು ಎಷ್ಟು ಬಿಡಿಸಿ ಬಿಡಿಸಿ ಓದುತ್ತಿದ್ದರು.

ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತೆವು. ಬುಟ್ಟಿ ನನ್ನ ತೊಡೆಯ ಮೇಲಿತ್ತು. ಟಿಕೆಟ್ ಅವಳು ತೆಗೆಯುವುದೋ ನಾನು ತೆಗೆಯುವುದೋ ಎಂದು ಸಣ್ಣ ಜಗಳವಾಯಿತು, ಅವಳೇ ಗೆದ್ದಳು.

ಅಂಗಡಿ ಬಸ್ ಸ್ಟ್ಯಾಂಡಿನ ಎದುರಿಗೇ ಇತ್ತು, ಒಂದು ಕಡೆ ಹೂವಿನವರು, ಇನ್ನೊಂದು ಕಡೆ ಸೋಡಾ ಗಾಡಿ. ನಡೆಸುವವಳು ಹರಿಣಿ ಎಂಬ ಮೂವತ್ತರ ಹೆಂಗಸು. ಒಬ್ಬ ಗಿರಾಕಿಗೆ ಉರ್ದುವಿನಲ್ಲಿ ಚಾರ್ಜರ್ ಕೊಟ್ಟು, ಇನ್ನೊಬ್ಬನಿಗೆ ಕನ್ನಡದಲ್ಲಿ ಗ್ಯಾರಂಟಿ ಇಲ್ಲ ಎಂದು ಹೇಳಿ, ನನ್ನನ್ನು ನೋಡಿ ತೆಲುಗಿನಲ್ಲಿ "ಕೂರ್ಚೋಂಡಿ ಅಮ್ಮಾ" ಎಂದು ಸ್ಟೂಲು ಎಳೆದಳು. ಬುಟ್ಟಿಯ ಬಟ್ಟೆ ಸರಿಸಿದ ಕೂಡಲೇ ಗ್ಯಾರಂಟಿಯವನು ಹೊರಗೆ ಜಿಗಿದ. ಹರಿಣಿ ಮಾತ್ರ ಹೆದರಲಿಲ್ಲ. ಅವಳ ಅಜ್ಜಿಯ ಮನೆಯಲ್ಲೂ ಹುಳು ಸಾಕುತ್ತಿದ್ದರಂತೆ.

ಅವಳು ವ್ಯಾಪಾರ ಬಲ್ಲವಳು. ಯಾವ ಬಣ್ಣ ಬೇಕು, ಯಾವ ಕಂಪನಿಯದು ಬೇಕು ಎಂದು ಕೇಳಲಿಲ್ಲ. ಯಾವ ಸದ್ದು ಬೇಡ, ಯಾವ ಸದ್ದು ಬೇಕು, ದಿನಕ್ಕೆ ಎಷ್ಟು ಹೊತ್ತು ಹಾಕಿಕೊಳ್ಳುತ್ತೀರಿ, ಬೆವರುತ್ತೀರಾ, ಇಷ್ಟನ್ನು ಕೇಳಿದಳು. ಸೊಪ್ಪು ಬಿಡಿಸುವಾಗ ಮೊಬೈಲಿನಲ್ಲಿ ಹರಿಕಥೆ ಕೇಳುವ ಅಭ್ಯಾಸವಿದೆ ಎಂದೆ, ಅದನ್ನೂ ಗುರುತು ಹಾಕಿಕೊಂಡಳು. ಆಮೇಲೆ ವಿವರಿಸಿದಳು. ಇವುಗಳ ಒಳಗೆ ಪುಟ್ಟ ಮೈಕು ಇರುತ್ತದಂತೆ. ಹೊರಗಿನ ಸದ್ದನ್ನು ಅದು ಹಿಡಿದು, ಅದಕ್ಕೆ ಸರಿಯಾಗಿ ಎದುರು ಸದ್ದು ಹುಟ್ಟಿಸಿ ಎರಡನ್ನೂ ಅಡಗಿಸುತ್ತದಂತೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವ ಲೆಕ್ಕ. ಬಸ್ಸು, ಫ್ಯಾನು, ಮಿಷಿನ್, ಹೀಗೆ ಒಂದೇ ಸಮ ಮೊರೆಯುವುದನ್ನು ಚೆನ್ನಾಗಿ ಅಡಗಿಸುತ್ತದೆ, ಪಾತ್ರೆ ಬಿದ್ದ ಸದ್ದು, ಮಗು ಚೀರಿದ ಸದ್ದು ಅಷ್ಟಾಗಿ ಅಡಗುವುದಿಲ್ಲ ಎಂದಳು. ಕಲ್ಯಾಣಿ ತನ್ನ ಮಿಷಿನ್ ಸದ್ದನ್ನು ಮೊಬೈಲಿಗೆ ಹಿಡಿದು ತಂದಿದ್ದಳು. ಅದನ್ನು ಅಂಗಡಿಯ ದೊಡ್ಡ ಸ್ಪೀಕರಿಗೆ ಹಾಕಿಸಿದಳು. ಗುಂಯ್ ಎಂದು ನನ್ನ ಹುಳು ಮನೆಯೇ ಅಲ್ಲಿಗೆ ಬಂದಂತಾಯಿತು. ನಾನು ಬುಟ್ಟಿಗೆ ಸೊಪ್ಪು ಹರಡಿದೆ. ಹುಳುಗಳು ಮುಗಿಬಿದ್ದವು.

ಮೊದಲನೆಯದು ತಲೆಯ ಮೇಲಿಂದ ಬಂದು ಎರಡೂ ಕಿವಿ ಪೂರಾ ಮುಚ್ಚುವಂಥದ್ದು. ಹಾಕಿ ಗುಂಡಿ ಒತ್ತಿದಾಗ ಮಿಷಿನ್ ಸತ್ತೇಹೋಯಿತು. ನಿಜ ಹೇಳುತ್ತೇನೆ, ನನಗೆ ಆಶ್ಚರ್ಯವಾಯಿತು. ಎದುರಿನ ರಸ್ತೆಯಲ್ಲಿ ಬಸ್ಸು ಬಾಯಿ ಮುಚ್ಚಿಕೊಂಡು ಹೋಗುತ್ತಿತ್ತು. ಆದರೆ ಹುಳುವೂ ಕೇಳಿಸಲಿಲ್ಲ. ಜೊತೆಗೆ ಕಿವಿಯ ಸುತ್ತ ಆಗಲೇ ಬೆವರು. ಹುಳು ಮನೆಯಲ್ಲಿ ಮೊದಲೇ ಸೆಕೆ, ಇದನ್ನು ಹಾಕಿಕೊಂಡು ಸೊಪ್ಪು ಹರಡಿದರೆ ತಲೆ ಬೆಂದುಹೋಗುತ್ತದೆ. ಬೇಡ ಎಂದೆ.

ಎರಡನೆಯದು ಕಿವಿಯ ತೂತಿಗೆ ಕೂರುವ ರಬ್ಬರಿನ ಮೊಳೆ. ಮೊದಲು ಹಾಕಿದ್ದು ದೊಡ್ಡದಾಯಿತು, ಮಾತಾಡಿದರೆ ಜಾರಿ ಬೀಳುತ್ತಿತ್ತು. ಹರಿಣಿ ಸಣ್ಣ ರಬ್ಬರು ಹಾಕಿ, ಕಿವಿಯನ್ನು ಮೇಲಕ್ಕೆ ಎಳೆದು ತಿರುಗಿಸಿ ಕೂರಿಸಿದ ಮೇಲೆ ಗಟ್ಟಿ ನಿಂತಿತು. ಮಿಷಿನ್ ಇಲ್ಲ, ಬಸ್ಸಿಲ್ಲ. ಬಾವಿಯಲ್ಲಿ ಮುಳುಗಿದ ಹಾಗೆ. ಹುಳುವೂ ಇಲ್ಲ. ಇದೂ ಬೇಡ ಎಂದೆ. ನನ್ನ ಕೈ ಮೇಲಾಗುತ್ತಿದೆ ಎಂದು ಹಿಗ್ಗು.

ಮೂರನೆಯದಕ್ಕೆ ರಬ್ಬರಿಲ್ಲ, ಕಿವಿಯ ಬಾಯಲ್ಲಿ ಸುಮ್ಮನೆ ಕೂರುತ್ತದೆ. ಇದು ಕಿವಿಯನ್ನು ಮುಚ್ಚುವುದಿಲ್ಲ, ಹಾಗಾಗಿ ಮೊರೆತ ಮಾತ್ರ ಕಮ್ಮಿಯಾಗಿ ಸಣ್ಣ ಸದ್ದು ಒಳಗೆ ಬರುತ್ತದೆ, ನಿಮಗೆ ಇದೇ ಸರಿ ಎಂದು ಹರಿಣಿ ಒತ್ತಿ ಹೇಳಿದಳು. ಹಾಕಿಕೊಂಡೆ. ಮಿಷಿನ್ ದೂರ ಹೋಯಿತು. ಬುಟ್ಟಿಯ ಮೇಲೆ ಬಾಗಿದೆ. ಏನೂ ಇಲ್ಲ. ಕಲ್ಯಾಣಿ ಅದನ್ನೇ ತೆಗೆದುಕೊಂಡು ಹಾಕಿಕೊಂಡು ಬಾಗಿದಳು. ಅವಳ ಮುಖ ಅರಳಿತು. ಕೇಳಿಸುತ್ತಿದೆ ಎಂದಳು. ಹರಿಣಿಯೂ ಹಾಕಿಕೊಂಡು ನೋಡಿ ಹೌದು ಎಂದಳು.

ನನಗೆ ಪಿತ್ತ ನೆತ್ತಿಗೇರಿತು. ಇಬ್ಬರೂ ಸೇರಿ ನಾಟಕ ಆಡುತ್ತಿದ್ದಾರೆ. ಒಬ್ಬಳಿಗೆ ಮಿಷಿನ್ ಉಳಿಯಬೇಕು, ಇನ್ನೊಬ್ಬಳಿಗೆ ಸಾಮಾನು ಮಾರಬೇಕು. ಮೂವತ್ತೊಂದು ವರ್ಷ ಕೇಳಿದ ನನ್ನ ಕಿವಿಗೆ ಬೀಳದ ಸದ್ದು ನಿನ್ನೆ ಮೊನ್ನೆಯವರ ಕಿವಿಗೆ ಬಿತ್ತಂತೆ. ನಾನು ಎದ್ದು ನಿಂತೆ. ಹಿಂದೆ ಸಾಮಾನಿಡುವ ಕೋಣೆ ಇದೆಯಲ್ಲ, ಅಲ್ಲಿಗೆ ಹೋಗೋಣ, ಬಾಗಿಲು ಹಾಕಿ, ಫ್ಯಾನು ನಿಲ್ಲಿಸಿ, ಏನೂ ಹಾಕಿಕೊಳ್ಳದೆ ಬರಿಗಿವಿಯಲ್ಲಿ ನಾನು ಹುಳು ಕೇಳಿ ತೋರಿಸುತ್ತೇನೆ, ಅದೇ ಸದ್ದು ಈ ಯಂತ್ರದಲ್ಲೂ ಬರಬೇಕು, ಇಲ್ಲದಿದ್ದರೆ ಪಂದ್ಯ ಮುಗಿಯಿತು ಎಂದೆ. ಇದು ನನ್ನದೇ ಮಾತು. ಯಾರೂ ನನ್ನನ್ನು ಆ ಕೋಣೆಗೆ ತಳ್ಳಲಿಲ್ಲ.

ಕೋಣೆಯಲ್ಲಿ ಅಟ್ಟದವರೆಗೆ ರಟ್ಟಿನ ಡಬ್ಬಗಳು. ಬಾಗಿಲು ಹಾಕಿದ ಕೂಡಲೇ ಬಸ್ ಸ್ಟ್ಯಾಂಡು ಹೊರಗೇ ಉಳಿಯಿತು. ಹರಿಣಿ ಫ್ಯಾನು ನಿಲ್ಲಿಸಿದಳು. ನಾನು ಹೊಸ ಸೊಪ್ಪು ಹರಡಿ ಯಾವತ್ತಿನ ಹಾಗೆ ಕಣ್ಣು ಮುಚ್ಚಿ ನಿಂತೆ. ಅವರಿಬ್ಬರೂ ಉಸಿರು ಬಿಗಿಹಿಡಿದಿದ್ದು ನನಗೆ ಗೊತ್ತಾಗುತ್ತಿತ್ತು.

ಕಾದೆ. ಇನ್ನೂ ಕಾದೆ.

ಹುಳು ಬೆದರಿವೆ, ಮೇವು ಬಿಟ್ಟಿವೆ ಎಂದೆ. ಬಸ್ಸಿನ ಕುಲುಕಾಟಕ್ಕೆ ಹೀಗಾಗಿದೆ ಎಂದೆ. ಆಮೇಲೆ ಕಣ್ಣು ಬಿಟ್ಟೆ. ಬುಟ್ಟಿಯಲ್ಲಿ ನಲವತ್ತು ತಲೆಗಳೂ ಮೇಲೆ ಕೆಳಗೆ ಆಡುತ್ತಿದ್ದವು. ಸೊಪ್ಪಿನ ಅಂಚು ನನ್ನ ಕಣ್ಣೆದುರಿಗೇ ಸವೆಯುತ್ತಿತ್ತು. ಒಂದು ಎಲೆಯಂತೂ ನರ ಮಾತ್ರ ಉಳಿದು ಮಗುಚಿಕೊಂಡಿತ್ತು. ಬುಟ್ಟಿಯನ್ನು ಎತ್ತಿ ಕಿವಿಗೆ ಹಿಡಿದೆ. ನನ್ನ ಉಸಿರು ಕೇಳಿಸಿತು. ಮತ್ತೇನೂ ಇಲ್ಲ.

ನನಗೆ ಭಯವಾಯಿತು. ಗಂಡ ಸತ್ತ ದಿನವೂ ನಾನು ಹೀಗೆ ಹೆದರಿರಲಿಲ್ಲ. ಎಷ್ಟು ದಿನದಿಂದ ಹೀಗೆ? ಮೊನ್ನೆ ಮೊನ್ನೆಯವರೆಗೂ ಹುಳು ಮನೆಯಲ್ಲಿ ನಿಂತು ಚೆನ್ನಾಗಿದೆ ಎಂದು ತಲೆದೂಗಿದ್ದೆನಲ್ಲ, ಆಗ ಕೇಳಿದ್ದು ಏನನ್ನು? ನೆನಪಿನಲ್ಲಿದ್ದ ಮಳೆಯನ್ನು ಕೇಳಿದ್ದೆ. ಆಮೇಲೆ ಮಂಡಿಕಲ್ಲಿನ ಒಬ್ಬನ ಮುಖ ಕಣ್ಣ ಮುಂದೆ ಬಂತು. ಹೋದ ವರ್ಷ ಅವನ ಹುಳು ಮನೆಯಲ್ಲಿ ನಿಂತು ಏನೂ ತೊಂದರೆಯಿಲ್ಲ ಎಂದು ಹೇಳಿ ಬಂದಿದ್ದೆ. ನಾಲ್ಕೇ ದಿನಕ್ಕೆ ಅವನ ಬೆಳೆ ಹೋಯಿತು. ಅವನು ಬಂದು ಕೇಳಿದಾಗ ನಾನು ಅದೇ ಗಾದೆ ಹೇಳಿ ಕಳಿಸಿದ್ದೆ.

ಕಲ್ಯಾಣಿ ಬುಟ್ಟಿಯನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಪಂದ್ಯ ಗೆದ್ದವಳ ಮುಖ ಅವಳದಾಗಿರಲಿಲ್ಲ.

"ಮೊದ್ಲು ಸಣ್ಣ ಸದ್ದು ಹೋಗ್ತದೆ ಅಮ್ಮಾ, ದೊಡ್ಡದು ಹಂಗೇ ಉಳ್ಕೊಂತದೆ. ಅದಕ್ಕೇ ಮಿಷಿನ್ ಕೇಳಿಸ್ತದೆ, ಹುಳ ಕೇಳಿಸಲ್ಲ. ನನ್ ಜೊತೆ ಫ್ಯಾಕ್ಟರೀಲಿದ್ದ ಎಷ್ಟೋ ಜನಕ್ಕೆ ಹಿಂಗೇ ಆಗಿರೋದು."

ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ಅನುಮಾನ ಇತ್ತು ಎಂದಳು. ಹರಿತಾ ನಾಲ್ಕು ಸಲ ಕೂಗಿದರೂ ನಾನು ತಿರುಗದೆ ಇದ್ದದ್ದನ್ನು ಗೋಡೆಯ ಆಚೆಯಿಂದ ಅವಳು ಕೇಳಿದ್ದಳಂತೆ. ಹಾಗಾದರೆ ಅವತ್ತೇ ಬಂದು ಹೇಳಬಾರದಾಗಿತ್ತೇ ಎಂದೆ.

"ನಾನು ಹೇಳಿದ್ರೆ ನಂಬ್ತಿದ್ರಾ?"

ಪೆದ್ದಮ್ಮನ ಮಗಳು ಬಂದು ರಾಮಲಕ್ಷ್ಮಮ್ಮನ ಕಿವಿ ಕೆಟ್ಟಿದೆ ಎಂದಿದ್ದರೆ ನಾನು ಅರ್ಜಿಗೆ ಇನ್ನೂ ನಾಲ್ಕು ಸಾಲು ಸೇರಿಸಿ ಬರೆಸುತ್ತಿದ್ದೆ. ಅದು ಅವಳಿಗೂ ಗೊತ್ತಿತ್ತು.

ಹರಿಣಿ ಈ ಮಾತುಗಳ ಮಧ್ಯೆ ಹೊರಗೆ ಹೋಗಿ, ನಾನು ಬೇಡವೆಂದಿದ್ದ ಎರಡನೇ ಜೊತೆಯನ್ನೇ ತಂದಳು, ರಬ್ಬರಿನ ಮೊಳೆಯದ್ದು. ಇಷ್ಟು ಹೊತ್ತು ನಾವು ಇದರ ಒಂದೇ ಕೆಲಸ ನೋಡಿದೆವು, ಇದಕ್ಕೆ ತಿರುಗುಮುರುಗು ಕೆಲಸವೂ ಬರುತ್ತದೆ ಎಂದಳು. ಅದೇ ಮೈಕು ಹೊರಗಿನ ಸದ್ದನ್ನು ತಡೆಯುವ ಬದಲು ಹಿಡಿದು, ದೊಡ್ಡದು ಮಾಡಿ ಒಳಗೆ ಬಿಡುತ್ತದಂತೆ. ನನ್ನ ಮೊಬೈಲಿಗೆ ಅದನ್ನು ಸೇರಿಸಿ, ಏನೋ ಗೆರೆಯನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದಳು. ಇದು ಕಿವುಡರ ಮಿಷಿನ್ ಅಲ್ಲ, ಅಷ್ಟನ್ನೇ ನಂಬಿ ಕೂರಬೇಡಿ, ಕಿವಿ ಡಾಕ್ಟರಿಗೆ ತೋರಿಸಲೇಬೇಕು ಎಂದು ಎರಡು ಸಲ ಹೇಳಿದಳು. ಆಮೇಲೆ ನನ್ನ ಕಿವಿ ಎಳೆದು ಅದನ್ನು ಕೂರಿಸಿ, ಅದರ ಕೆಳಗೆ ಚಾಚಿದ ಸಣ್ಣ ಕಡ್ಡಿಯನ್ನು ಒತ್ತಿ ಹಿಡಿದಳು. ಅದನ್ನು ಒತ್ತಿದರೆ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ತಿರುಗುತ್ತದಂತೆ.

ಮೊದಲು ಬಳೆ ಸದ್ದು. ಕಲ್ಯಾಣಿಯ ಕೈಯ ಗಾಜಿನ ಬಳೆ. ಆಮೇಲೆ ರಟ್ಟಿನ ಡಬ್ಬಕ್ಕೆ ಹರಿಣಿಯ ಸೆರಗು ಉಜ್ಜಿದ ಸದ್ದು. ಅದಾದ ಮೇಲೆ ಮಳೆ ಹಿಡಿಯಿತು. ಹೆಂಚಿನ ಮೇಲೆ, ಸಣ್ಣಗೆ, ಒಂದೇ ಸಮ. ಬುಟ್ಟಿ ಕಲ್ಯಾಣಿಯ ಕೈಯಲ್ಲಿತ್ತು, ನನ್ನಿಂದ ಎರಡು ಹೆಜ್ಜೆ ದೂರದಲ್ಲಿ. ನಾನು ಅಲ್ಲೇ ಒಂದು ಡಬ್ಬದ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆಯಾಗಲಿಲ್ಲ. ಕಳೆದುಹೋದದ್ದೇ ಗೊತ್ತಿಲ್ಲದ ಒಡವೆ ಕೈಗೆ ಸಿಕ್ಕಿದರೆ ಯಾರು ತಾನೇ ಅಳುವುದಿಲ್ಲ?

ಅದನ್ನೇ ಆರಿಸಿದೆ. ಕಲ್ಯಾಣಿ ಪರ್ಸು ತೆಗೆದಳು, ನಾನು ಅವಳ ಕೈ ಹಿಡಿದು ಒಳಕ್ಕೆ ಹಾಕಿಸಿದೆ. ಈ ಸಲದ ಜಗಳದಲ್ಲಿ ನಾನು ಗೆದ್ದೆ. ಹುಳುಗಳನ್ನು ಮನೆಗೆ ಒಯ್ಯುವಂತಿರಲಿಲ್ಲ, ಅವಳು ತಾನು ಇಟ್ಟುಕೊಳ್ಳುತ್ತೇನೆ ಎಂದಳು. ರೇಷ್ಮೆ ಎಳೆಯನ್ನು ಹದಿನಾರು ವರ್ಷದಿಂದ ಕೈಯಲ್ಲಿ ಹಿಡಿದವಳು ಹುಳು ಗೂಡು ಕಟ್ಟುವುದನ್ನು ಕೂತು ನೋಡಿಯೇ ಇಲ್ಲವಂತೆ. ದಿನಾ ಸೊಪ್ಪು ಗೋಡೆಯ ಮೇಲಿಂದ ಕೊಡುತ್ತೇನೆ ಎಂದೆ.

ಪಂದ್ಯ ಸೋತಿದ್ದೆ, ಅರ್ಜಿ ವಾಪಸ್ ತೆಗೆದುಕೊಳ್ಳಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಹೇಗೆ ತೆಗೆದುಕೊಳ್ಳುವುದು ಎನ್ನುವುದೇ ಎರಡು ದಿನ ನನ್ನನ್ನು ಕಾಡಿತು. ಕಲ್ಯಾಣಿ ಮಿಷಿನ್ ಸದ್ದು ತಗ್ಗಿಸಲು ಒಪ್ಪಿದ್ದಾಳೆ, ನಾವು ರಾಜಿಯಾಗಿದ್ದೇವೆ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಾಗಿತ್ತು. ಯಾರೂ ಕಾರಣ ಕೇಳುತ್ತಿರಲಿಲ್ಲ. ಕಿವಿಯ ಮಾತು ಎತ್ತಿದರೆ ನನ್ನ ಹೆಸರು ಅಲ್ಲಿಗೆ ಮುಗಿಯಿತು. ಇನ್ನು ಯಾರ ಕಾರೂ ಬರುವುದಿಲ್ಲ, ಯಾರ ಹುಳು ಮನೆಯಲ್ಲೂ ನಾನು ಕಣ್ಣು ಮುಚ್ಚಿ ನಿಲ್ಲುವುದಿಲ್ಲ. ಈ ಊರಿಗೆ ಸೊಸೆಯಾಗಿ ಬಂದವಳಿಗೆ ತನ್ನದು ಅಂತ ಇದ್ದದ್ದು ಅದೊಂದು ಹೆಸರೇ. ಜಮೀನು ಗಂಡನದು, ಮನೆ ಮಾವನದು. ಕಲ್ಯಾಣಿ ಗೋಡೆಯ ಆಚೆಯಿಂದ ಸೊಪ್ಪು ಇಸಿದುಕೊಳ್ಳುವಾಗ ಈ ಮಾತು ಎತ್ತಲೇ ಇಲ್ಲ. ರಾಜಿಯ ಮಾತನ್ನೇ ಹೇಳುವುದು ಎಂದು ಬುಧವಾರ ರಾತ್ರಿ ಗಟ್ಟಿ ಮಾಡಿಕೊಂಡೆ.

ಗುರುವಾರ ಕಿವಿಗೆ ಅದನ್ನು ಸಿಕ್ಕಿಸಿಕೊಂಡು ಸಭೆಗೆ ಹೋದೆ. ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಅತ್ತಿಗೆ ಈ ವಯಸ್ಸಿನಲ್ಲಿ ಹಾಡು ಕೇಳೋ ಶೋಕಿ ಹಚ್ಚಿಕೊಂಡಿದ್ದಾರೆ ಎಂದು ನರಸಿಂಹಪ್ಪ ನಕ್ಕ. ನಾನೂ ನಕ್ಕೆ. ಕಲ್ಯಾಣಿ ಬಾಗಿಲ ಹತ್ತಿರ ಗೋಡೆಗೆ ಒರಗಿ ನಿಂತಿದ್ದಳು, ಅವಳಿಗೆ ಕುರ್ಚಿ ಹಾಕಿರಲಿಲ್ಲ. ಅಧ್ಯಕ್ಷರು ಅರ್ಜಿ ಓದತೊಡಗಿ ಮೂವತ್ತೆಂಟು ಹೆಸರುಗಳನ್ನೂ ಒಂದೊಂದಾಗಿ ಹೇಳುತ್ತಾ ಹೋದರು. ಹಿಂದಿನ ಸಾಲಿನಲ್ಲಿ ನರಸಿಂಹಪ್ಪ ಪಕ್ಕದಲ್ಲಿದ್ದ ಬಯ್ಯಪ್ಪನ ಕಡೆ ಬಾಗಿ ಪಿಸುಗುಟ್ಟಿದ. ಎಷ್ಟೋ ಸಭೆಗಳಲ್ಲಿ ಅವನು ಹೀಗೆ ಬಾಗಿದ್ದನ್ನು ನೋಡಿದ್ದೇನೆ. ಈ ಸಲ ಕೇಳಿಸಿಕೊಂಡೆ.

"ನಮ್ ತೋಟದಾಗ ಸೊಪ್ಪು ಕೊಯ್ತಿದ್ದೋಳ ಮಗಳು ಮೀಟರ್ ಹಾಕ್ಸಿ ಮಿಷಿನ್ ಮಡೀಕ್ಕೊಂಡವ್ಳೆ. ನಾಳೆ ನಮ್ಮೋರು ಅವಳ ಹತ್ರ ಕೂಲಿಗೋಗ್ಬೇಕಾ? ಅತ್ತಿಗೇಗೆ ಹುಳದ ಚಿಂತೆ, ನಮಗೆ ಇದು."

ಬಯ್ಯಪ್ಪ ಸಣ್ಣಗೆ ನಕ್ಕ. ಅದೂ ಕೇಳಿಸಿತು.

ಎರಡೇ ಬೀದಿಯಲ್ಲಿ ಮೂವತ್ತೆಂಟು ಸಹಿ ಯಾಕೆ ಬಿದ್ದವು ಎಂದು ನನಗೆ ಆಗ ಅರ್ಥವಾಯಿತು. ಅವರು ನನ್ನ ಮಾತಿಗೆ ಬೆಲೆ ಕೊಟ್ಟಿರಲಿಲ್ಲ, ನನ್ನ ಮಾತಿನ ಹಿಂದೆ ಬಚ್ಚಿಟ್ಟುಕೊಂಡಿದ್ದರು. ಅವರನ್ನಷ್ಟೇ ಬೈದರೆ ಸುಳ್ಳಾಗುತ್ತದೆ. ಬೆಳೆ ಹೋದ ಬೆಳಿಗ್ಗೆ, ಬೇರೆ ಯಾವ ಕಾರಣವನ್ನೂ ಹುಡುಕದೆ, ನನ್ನ ಕಣ್ಣು ಸೀದಾ ಆ ಗೋಡೆಯ ಕಡೆಗೇ ಹೋಯಿತಲ್ಲ, ಅದಕ್ಕೆ ಬರೀ ಸದ್ದು ಕಾರಣವಾಗಿತ್ತೇ?

ಎದ್ದು ನಿಂತೆ. ರಾಜಿಯ ಮಾತು ಬಾಯಿಗೆ ಬರಲಿಲ್ಲ.

"ನರಸಿಂಹಪ್ಪ, ಈಗ ಬಯ್ಯಪ್ಪನಿಗೆ ಹೇಳಿದ್ದನ್ನ ಎದ್ದು ನಿಂತು ಅಧ್ಯಕ್ಷರಿಗೆ ಹೇಳು" ಎಂದೆ.

ಅವನು ಏನೂ ಹೇಳಿಲ್ಲ ಎಂದ. ಹಾಗಾದರೆ ನಾನೇ ಹೇಳುತ್ತೇನೆ ಎಂದು ಒಂದಕ್ಷರ ಬಿಡದೆ ಹೇಳಿದೆ. ಕಲ್ಯಾಣಿ ನೆಲ ನೋಡಲಿಲ್ಲ, ಸೀದಾ ನರಸಿಂಹಪ್ಪನ ಕಡೆಗೇ ನೋಡಿದಳು. ನಾನು ಕಿವಿಯಿಂದ ಒಂದನ್ನು ತೆಗೆದು ಅಂಗೈಯಲ್ಲಿಟ್ಟು ಎಲ್ಲರಿಗೂ ಕಾಣುವಂತೆ ಹಿಡಿದೆ.

"ಇದು ಹಾಡು ಕೇಳೋದಲ್ಲ. ನನ್ನ ಕಿವಿ ಕೆಟ್ಟು ವರ್ಷದ ಮೇಲಾಯ್ತು, ನನಗೇ ಗೊತ್ತಿರಲಿಲ್ಲ. ನನ್ನ ಬೆಳೆ ಹೋಗಿದ್ದು ಮಿಷಿನ್‌ನಿಂದ ಅಲ್ಲ. ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ, ಆ ಕುಣೀಲಾರ್ದೋಳು ನಾನೇ. ನನ್ನ ಸಹಿ ತಪ್ಪು ತಿಳ್ಕೊಂಡು ಹಾಕಿದ್ದು, ವಾಪಸ್ ತಗೊಂತೀನಿ. ನಿಮ್ಮದು ಯಾಕೆ ಹಾಕಿದ್ದು ಅಂತ ನೀವೇ ಎದ್ದು ಹೇಳಿ."

ಯಾರೂ ಏಳಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿ, ಅರ್ಜಿಯ ಮೇಲೆ ಅಡ್ಡ ಗೆರೆ ಎಳೆದು ಮುಂದಿನ ವಿಷಯಕ್ಕೆ ಹೋದರು, ಕುಡಿಯುವ ನೀರಿನ ಮೋಟಾರು. ನಾನು ಮಾತ್ರ ಕೂರಲಿಲ್ಲ, ನನ್ನ ಕುರ್ಚಿಯನ್ನು ಬಾಗಿಲ ಹತ್ತಿರ ಒಯ್ದು ಕಲ್ಯಾಣಿಗೆ ಇಟ್ಟು ಹೊರಗೆ ಬಂದೆ.

ಸಂಜೆ ಗೋಡೆಯ ಆಚೆಯಿಂದ ಅವಳು ಕರೆದಳು. ಒಂದೇ ಸಲಕ್ಕೆ ಕೇಳಿಸಿತು. ಹುಳುಗಳು ಸೊಪ್ಪು ಮುಟ್ಟುತ್ತಿಲ್ಲ, ತಲೆ ಎತ್ತಿಕೊಂಡು ಸುತ್ತಾಡುತ್ತಿವೆ, ಏನಾದರೂ ರೋಗವೋ ಎಂದು ಗಾಬರಿಯಾಗಿದ್ದಳು. ಮೈ ಬಣ್ಣ ಹೇಗಿದೆ ಎಂದು ಕೇಳಿದೆ. ಹಳದಿಗೆ ತಿರುಗಿ ಗಾಜಿನ ಹಾಗೆ ಹೊಳೆಯುತ್ತಿವೆ ಎಂದಳು. ರೋಗವಲ್ಲ ಕಣಮ್ಮ, ಹಣ್ಣಾಗಿವೆ, ಗೂಡು ಕಟ್ಟಲು ಜಾಗ ಹುಡುಕುತ್ತಿವೆ ಎಂದೆ. ಗೋಡೆಯ ಮೇಲಿಂದ ಹೇಳಿ ಮುಗಿಸಬಹುದಾಗಿತ್ತು. ಮೂವತ್ತೊಂದು ವರ್ಷದಲ್ಲಿ ಪೆದ್ದಮ್ಮನ ಮನೆಯ ಹೊಸ್ತಿಲು ನಾನು ತುಳಿದಿರಲಿಲ್ಲ. ಅವತ್ತು ಸುತ್ತಿ ಬಂದು ತುಳಿದೆ.

ಬುಟ್ಟಿಯನ್ನು ಮಿಷಿನ್ ಶೆಡ್ಡಿನ ಮೂಲೆಯಲ್ಲೇ ಇಟ್ಟಿದ್ದಳು. ನಾಲ್ಕೂ ಮಿಷಿನ್ ಓಡುತ್ತಿದ್ದವು, ಸಾಲು ಸಾಲಾಗಿ ನೂಲು ಹುರಿಗೊಳ್ಳುತ್ತಿತ್ತು. ನನ್ನನ್ನು ಕಂಡ ಕೂಡಲೇ ಕಲ್ಯಾಣಿ ಸ್ವಿಚ್ಚಿನ ಕಡೆ ಕೈ ಚಾಚಿದಳು. ನಿಲ್ಲಿಸಬೇಡ, ಓಡಲಿ ಬಿಡು ಎಂದು ನಾನು ಕಿವಿಯ ಕಡ್ಡಿಯನ್ನು ಒತ್ತಿದೆ. ಮಿಷಿನ್ ದೂರ ಸರಿಯಿತು. ಒಣಗಿದ ತೊಗರಿ ಕಡ್ಡಿ ಇದ್ದರೆ ತಾ, ಹುಳು ಹತ್ತುವ ಹಾಗೆ ಹೇಗೆ ಕಟ್ಟುವುದು ತೋರಿಸುತ್ತೇನೆ ಎಂದು ನೆಲದ ಮೇಲೆ ಕೂತೆ. ಅವಳು ಕಡ್ಡಿ ತರಲು ಹಿತ್ತಿಲಿಗೆ ಹೋದಳು.